ಮಂಗನ ಕಾಯಿಲೆ: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನವೆಂಬರ್ ಕಳೆದು ಕಾನಿನ ನೆಲ ಒಣಗತೊಡಗಿದಂತೆ ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಿಂದ ಪ್ರತಿ ವರ್ಷವೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಕೆಲವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಕುಳಿತವರು ಕೇಳಿದ್ದಾರೆ, ಕೆಲವನ್ನು ಪತ್ರದಲ್ಲಿ ಬರೆದು ಕಳುಹಿಸಿದ್ದಾರೆ, ಇನ್ನು ಕೆಲವು ನಡುರಾತ್ರಿಯ ಫೋನಿನಲ್ಲಿ ಗಾಬರಿಯಿಂದ ಬಂದಿವೆ. ಕೇಳಿದವರ ಮಾತನ್ನು ಸಾಧ್ಯವಾದಷ್ಟು ಹಾಗೆಯೇ ಇಟ್ಟುಕೊಂಡು, ಈ ಭಾಗದಲ್ಲಿ ರೋಗಿಗಳನ್ನು ನೋಡಿದ ವೈದ್ಯನಾಗಿ ಉತ್ತರಿಸಿದ್ದೇನೆ. ಎಲ್ಲವನ್ನೂ ಓದಲು ಬಿಡುವಿಲ್ಲದವರು ಲಕ್ಷಣ ಮತ್ತು ಪರೀಕ್ಷೆಯ ಭಾಗಗಳನ್ನಾದರೂ ಓದಬೇಕೆಂದು ಕೋರುತ್ತೇನೆ. ಈ ಕಾಯಿಲೆಯಲ್ಲಿ ಜ್ವರ ಯಾವ ದಿನ ಶುರುವಾಯಿತು ಎಂಬುದರ ಮೇಲೆಯೇ ಮುಂದಿನ ಎಲ್ಲ ನಿರ್ಧಾರಗಳೂ ನಿಂತಿರುತ್ತವೆ.

## ಮೊದಲ ಪರಿಚಯ

ಮಂಗನ ಕಾಯಿಲೆ ಎಂದರೆ ಏನು? ಮಂಗ ಮುಟ್ಟಿದರೆ, ಮಂಗ ತಿಂದುಬಿಟ್ಟ ಹಣ್ಣು ತಿಂದರೆ ಬರುತ್ತದೆಯೇ?

ಹೆಸರಿನಲ್ಲಿ ಮಂಗ ಇದ್ದರೂ ಕಾಯಿಲೆಯನ್ನು ನಮಗೆ ತಲುಪಿಸುವುದು ಉಣುಗು. ಇದು ವೈರಸ್‌ನಿಂದ ಬರುವ ಜ್ವರ. ವೈದ್ಯಕೀಯದಲ್ಲಿ ಇದರ ಹೆಸರು ಕ್ಯಾಸನೂರು ಅರಣ್ಯ ಕಾಯಿಲೆ, ಆಸ್ಪತ್ರೆಯ ಚೀಟಿಯಲ್ಲಿ ಕೆಎಫ್‌ಡಿ ಎಂದು ಬರೆದಿರುತ್ತದೆ. ವೈರಸ್ ಇರುವ ಉಣುಗು ಮನುಷ್ಯನನ್ನು ಕಚ್ಚಿದಾಗ ರೋಗ ಬರುತ್ತದೆ. ಅದೇ ಉಣುಗು ಮಂಗನನ್ನು ಕಚ್ಚಿದರೆ ಮಂಗನಿಗೂ ಜ್ವರ ಬಂದು, ಬಹಳಷ್ಟು ಸಲ ಅದು ಸಾಯುತ್ತದೆ. ಕಪ್ಪು ಮುಖದ ಮುಸಿಯ ಮತ್ತು ಕೆಂಪು ಮುಖದ ಮಂಗ ಎರಡೂ ಹೀಗೆ ಸಾಯುತ್ತವೆ. ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಸೇರಿಕೊಳ್ಳುತ್ತವೆ, ಅಲ್ಲಿ ಓಡಾಡಿದವರಿಗೆ ಹತ್ತುತ್ತವೆ. ಮಂಗ ತಿಂದುಬಿಟ್ಟ ಹಣ್ಣಿನಿಂದ ಈ ರೋಗ ಬರುವುದಿಲ್ಲ. ಸತ್ತ ಮಂಗನನ್ನು ಬರಿಗೈಯಲ್ಲಿ ಮುಟ್ಟುವುದು ಮಾತ್ರ ಖಂಡಿತ ಅಪಾಯಕಾರಿ.

ನಮ್ಮ ಊರಿನಲ್ಲಿ ಇದುವರೆಗೆ ಈ ಕಾಯಿಲೆ ಇರಲೇ ಇಲ್ಲ. ಹೊಸದಾಗಿ ಎಲ್ಲಿಂದ ಬಂತು?

1957ರಲ್ಲಿ ಇಡೀ ಶಿವಮೊಗ್ಗ ಜಿಲ್ಲೆ ಕೇಳಿದ್ದೂ ಇದೇ ಪ್ರಶ್ನೆಯನ್ನು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದವು, ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವುದನ್ನು ಕಂಡು, ಭಾರತದಲ್ಲಿ ಇಲ್ಲದ ಹಳದಿ ಜ್ವರ ಕಾಲಿಟ್ಟಿತೇನೋ ಎಂದು ವಿಜ್ಞಾನಿಗಳು ಆತಂಕಪಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಅದು ಅಲ್ಲಿಯವರೆಗೆ ಜಗತ್ತಿಗೆ ಗೊತ್ತಿಲ್ಲದ ವೈರಸ್ ಎಂದು ತಿಳಿಯಿತು, ಆ ಕಾಡಿನ ಹೆಸರೇ ರೋಗಕ್ಕೆ ನಿಂತಿತು.

ನಿಮ್ಮ ಊರಿಗೆ ಇದು ಹೊಸದಾಗಿ ಕಂಡಿದ್ದರೂ ವೈರಸ್ ಕಾಡಿನೊಳಗೆ ಮೊದಲೇ ಇದ್ದಿರಬಹುದು. ಇಲಿ, ಮೂಗಿಲಿ, ಅಳಿಲುಗಳಂತಹ ಸಣ್ಣ ಪ್ರಾಣಿಗಳ ಮತ್ತು ಉಣುಗುಗಳ ನಡುವೆ ಅದು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮಂಗಗಳಿಗೆ ದಾಟಿದಾಗ ಮಾತ್ರ ಸಾವುಗಳು ಕಣ್ಣಿಗೆ ಬೀಳುತ್ತವೆ.

ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರಿಗೂ ಅಂಟುತ್ತದೆಯೇ? ತಟ್ಟೆ, ಹಾಸಿಗೆ ಬೇರೆ ಮಾಡಬೇಕೇ?

ಬೇಡ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಕೆಮ್ಮಿನಿಂದಾಗಲಿ, ಊಟದ ತಟ್ಟೆಯಿಂದಾಗಲಿ, ಆರೈಕೆ ಮಾಡುವುದರಿಂದಾಗಲಿ ಬರುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬಂದರೆ, ಅವರೆಲ್ಲ ಒಂದೇ ತೋಟ ಅಥವಾ ಒಂದೇ ಸೊಪ್ಪಿನ ಬೆಟ್ಟಕ್ಕೆ ಹೋಗಿರುತ್ತಾರೆ. ರೋಗಿಯನ್ನು ಜಗಲಿಯ ಮೂಲೆಯಲ್ಲಿ ಒಂಟಿಯಾಗಿ ಮಲಗಿಸಿ ದೂರದಿಂದ ನೀರು ಇಡುವುದನ್ನು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ಮೈ ನೋವಿನಿಂದ ಮಗ್ಗುಲು ಬದಲಿಸಲಾಗದವರಿಗೆ ಹತ್ತಿರ ಕುಳಿತು ಗುಟುಕು ಗುಟುಕಾಗಿ ಗಂಜಿ ಕುಡಿಸುವವರು ಬೇಕು.

ನಮ್ಮ ಹಸುವಿನ ಮೈತುಂಬ ಉಣುಗು ಇದೆ. ಅದರ ಹಾಲು ಕುಡಿಯಬಹುದೇ?

ಕುಡಿಯಬಹುದು. ಹಾಲಿನಿಂದ ಈ ರೋಗ ಬಂದಿರುವುದಕ್ಕೆ ಆಧಾರವಿಲ್ಲ, ಹೇಗೂ ನಾವು ಕಾಯಿಸಿಯೇ ಕುಡಿಯುತ್ತೇವೆ. ಹಸುವಿಗೆ ಈ ವೈರಸ್‌ನಿಂದ ಕಾಯಿಲೆ ಬರುವುದಿಲ್ಲ, ಆದರೆ ಬಲಿತ ಉಣುಗು ರಕ್ತ ಹೀರಿ ಮೊಟ್ಟೆಯಿಡಲು ದನಗಳೇ ದೊಡ್ಡ ಆಸರೆ. ಆದ್ದರಿಂದ ಕಾಡಿಗೆ ಮೇಯಲು ಬಿಡುವ ದನಗಳಿಗೆ ಪಶು ಆಸ್ಪತ್ರೆಯಲ್ಲಿ ಉಣುಗು ನಿವಾರಕ ಔಷಧ ಕೊಡಿಸಬೇಕು. ಹಾಲು ಕರೆಯುವ ಹಸುವಾದರೆ ಅದನ್ನು ಪಶುವೈದ್ಯರಿಗೆ ಮೊದಲೇ ಹೇಳಬೇಕು; ಕೆಲವು ಔಷಧಗಳನ್ನು ಕೊಟ್ಟ ಮೇಲೆ ಕೆಲವು ದಿನ ಹಾಲು ಬಳಸಬಾರದು.

## ಲಕ್ಷಣಗಳು

ಉಣುಗು ಕಚ್ಚಿದೆ. ಎಷ್ಟು ದಿನ ಕಾದು ನೋಡಬೇಕು?

ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನಗಳೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ, ಅಪರೂಪಕ್ಕೆ ಇನ್ನೂ ಕೆಲವು ದಿನ ತಡವಾಗಬಹುದು. ಎಲ್ಲ ಉಣುಗಿನಲ್ಲೂ ವೈರಸ್ ಇರುವುದಿಲ್ಲ. ಕಚ್ಚಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ತುರಿಕೆಯ ಹೊರತು ಏನೂ ಆಗುವುದಿಲ್ಲ. ಕಚ್ಚಿದ ಮಾತ್ರಕ್ಕೆ ರಕ್ತ ಪರೀಕ್ಷೆ ಬೇಡ. ಕಚ್ಚಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎರಡು ವಾರ ಎಚ್ಚರದಿಂದಿರಿ. ಇನ್ನೊಂದು ಮಾತು: ಬಂದ ರೋಗಿಗಳಲ್ಲಿ ಹಲವರಿಗೆ ಉಣುಗು ಕಚ್ಚಿದ ನೆನಪೇ ಇರುವುದಿಲ್ಲ. ಆದ್ದರಿಂದ ಕಚ್ಚಿದ ಗುರುತಿಲ್ಲವೆಂಬ ಕಾರಣಕ್ಕೆ ಇದು ಮಂಗನ ಕಾಯಿಲೆಯಲ್ಲ ಎಂದು ನಿರ್ಧರಿಸಬಾರದು.

ಜ್ವರ ಬಂದ ಮೊದಲ ದಿನವೇ ಇದು ಮಂಗನ ಕಾಯಿಲೆ ಎಂದು ಮನೆಯಲ್ಲಿ ಗುರುತಿಸಬಹುದೇ?

ಖಚಿತವಾಗಿ ಗುರುತಿಸಲಾಗದು, ಆದರೆ ಅನುಮಾನಿಸಬಹುದು, ಅನುಮಾನಿಸಲೇಬೇಕು. ಈ ಜ್ವರ ಮೆಲ್ಲಗೆ ಏರುವುದು ಕಡಿಮೆ. ಬೆಳಿಗ್ಗೆ ಸರಿಯಾಗಿದ್ದವರು ಮಧ್ಯಾಹ್ನದ ಹೊತ್ತಿಗೆ ಚಳಿ ಹಿಡಿದು ಕಂಬಳಿ ಹೊದೆಯುತ್ತಾರೆ. ಹಣೆಯ ಭಾಗದಲ್ಲಿ ಸಿಡಿಯುವಂತಹ ತಲೆನೋವು ಇರುತ್ತದೆ. ಕುತ್ತಿಗೆ, ಸೊಂಟ ಮತ್ತು ಮೀನಖಂಡಗಳಲ್ಲಿ ಬರುವ ನೋವು ಎಷ್ಟು ಜೋರಾಗಿರುತ್ತದೆಂದರೆ, ದಿನವಿಡೀ ಅಡಿಕೆ ಹೊರೆ ಹೊತ್ತರೂ ದಣಿಯದ ಗಟ್ಟಿಮುಟ್ಟಾದ ಆಳು ಎರಡನೆಯ ದಿನಕ್ಕೆ ಮಂಚದಿಂದ ಏಳಲು ಇನ್ನೊಬ್ಬರ ಭುಜ ಹಿಡಿಯಬೇಕಾಗುತ್ತದೆ. ಕಣ್ಣು ಕೆಂಪಾಗುತ್ತದೆ, ಬೆಳಕು ನೋಡಲಾಗುವುದಿಲ್ಲ. ಮೂರನೆಯ ನಾಲ್ಕನೆಯ ದಿನದ ಹೊತ್ತಿಗೆ ವಾಂತಿ, ಭೇದಿ, ಹೊಟ್ಟೆನೋವು ಸೇರಿಕೊಳ್ಳಬಹುದು.

ಪರೀಕ್ಷಿಸುವ ವೈದ್ಯರಿಗೆ ಇನ್ನೂ ಕೆಲವು ಸುಳಿವುಗಳು ಸಿಗುತ್ತವೆ. ಬಾಯಿಯ ಮೇಲ್ಭಾಗದ ಅಂಗಳದಲ್ಲಿ ಸಣ್ಣ ಗುಳ್ಳೆಗಳು, ಕುತ್ತಿಗೆಯಲ್ಲಿ ಊದಿದ ಗ್ರಂಥಿಗಳು, ಜ್ವರ ಏರಿದ್ದರೂ ಅದಕ್ಕೆ ತಕ್ಕಂತೆ ಏರದೆ ನಿಧಾನವಾಗಿಯೇ ಇರುವ ನಾಡಿ, ಇಳಿದ ರಕ್ತದೊತ್ತಡ ಇವು ಅಂತಹವು. ನೆಗಡಿ, ಮೂಗು ಸೋರುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳಲ್ಲ.

ಡಿಸೆಂಬರಿನಿಂದ ಮೇ ತಿಂಗಳ ನಡುವೆ, ಕಾಡಂಚಿನ ಊರಿನಲ್ಲಿ, ಕಳೆದ ಎರಡು ವಾರಗಳಲ್ಲಿ ದರಗು ತರಲು, ಸೌದೆಗೆ, ಸೀಗೆಕಾಯಿಗೆ ಅಥವಾ ದನ ಹುಡುಕಲು ಕಾಡಿಗೆ ಹೋದವರಿಗೆ ಇಂತಹ ಜ್ವರ ಬಂದರೆ, ಬೇರೇನೆಂದು ಖಚಿತವಾಗುವವರೆಗೂ ಅದನ್ನು ಮಂಗನ ಕಾಯಿಲೆ ಎಂದೇ ಎಣಿಸಿ ನಡೆಯುವುದು ಕ್ಷೇಮ.

ಯಾವ ಲಕ್ಷಣ ಕಂಡರೆ ಬೆಳಗಾಗುವವರೆಗೆ ಕಾಯದೆ ಹೊರಡಬೇಕು?

ಮೂಗು ಅಥವಾ ಒಸಡಿನಿಂದ ರಕ್ತ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ, ರೋಗಿ ಮಂಕಾಗಿ ಕರೆದರೂ ಸರಿಯಾಗಿ ಓಗೊಡದಿದ್ದರೆ, ಅಸಂಬದ್ಧವಾಗಿ ಮಾತಾಡಿದರೆ, ಫಿಟ್ಸ್ ಬಂದರೆ, ಕುತ್ತಿಗೆ ಬಗ್ಗದಿದ್ದರೆ, ಉಸಿರಾಟ ಕಷ್ಟವಾದರೆ, ಅರ್ಧ ದಿನ ಕಳೆದರೂ ಮೂತ್ರ ಹೋಗದಿದ್ದರೆ, ಕೈಕಾಲು ತಣ್ಣಗಾದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ನಮ್ಮ ಕಡೆ ಕೆಲವು ಮನೆಗಳಿಗೆ ಸಂಕ ದಾಟಿ ನಡೆದೇ ಹೋಗಬೇಕು, ಮೊಬೈಲ್ ಸಿಗ್ನಲ್ ಗುಡ್ಡದ ನೆತ್ತಿಯಲ್ಲಿ ಮಾತ್ರ ಸಿಗುತ್ತದೆ. ಅಂತಹ ಮನೆಯವರು ಈ ಲಕ್ಷಣಗಳಿಗಾಗಿ ಕಾಯಲೇಬಾರದು. ಜ್ವರದ ಮೊದಲೆರಡು ದಿನಗಳಲ್ಲೇ ರೋಗಿಯನ್ನು ರಸ್ತೆಯ ಹತ್ತಿರವಿರುವ ನೆಂಟರ ಮನೆಗಾದರೂ ತರಬೇಕು. ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರ ವಿಷಯದಲ್ಲೂ ಹೀಗೆಯೇ ಮಾಡಬೇಕು.

ಜ್ವರ ಬಿಟ್ಟು ಹತ್ತು ದಿನವಾಗಿತ್ತು. ಗುಣವಾಯಿತು ಎಂದುಕೊಂಡಿದ್ದೆವು. ಈಗ ಮತ್ತೆ ತಲೆನೋವು, ಜ್ವರ. ಇದು ಬೇರೆ ಕಾಯಿಲೆಯೇ?

ಇದೇ ಕಾಯಿಲೆಯ ಎರಡನೆಯ ಹಂತ ಇರಬಹುದು. ಮೊದಲ ಜ್ವರ ಒಂದರಿಂದ ಎರಡು ವಾರಗಳಲ್ಲಿ ಇಳಿದು ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ಒಂದೆರಡು ವಾರ ಜ್ವರವಿಲ್ಲದೆ ಇದ್ದ ಮೇಲೆ, ಅಂದರೆ ಸಾಮಾನ್ಯವಾಗಿ ಮೂರನೆಯ ವಾರದ ಸುಮಾರಿಗೆ, ಜ್ವರ ಮರಳುತ್ತದೆ. ಈ ಸಲ ತೊಂದರೆ ಮಿದುಳು ಮತ್ತು ನರಗಳಿಗೆ ತಗಲುತ್ತದೆ. ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ತಲೆ ಸುತ್ತು, ದೃಷ್ಟಿ ಮಂಜಾಗುವುದು, ಗೊಂದಲ ಕಾಣಿಸುತ್ತವೆ.

ಈ ಮಧ್ಯದ ಬಿಡುವೇ ಜನರನ್ನು ದಾರಿ ತಪ್ಪಿಸುತ್ತದೆ. ಆಸ್ಪತ್ರೆಯಿಂದ ಬಂದವರು ಅಡಿಕೆಗೊನೆ ಕೊಯ್ಲು ಮುಗಿದಿಲ್ಲವೆಂದು ತೋಟಕ್ಕೆ ಇಳಿಯುತ್ತಾರೆ, ಅಡಿಕೆ ಸುಲಿಯಲು ಕೂರುತ್ತಾರೆ. ತಲೆನೋವು ಬಂದರೆ ಬಿಸಿಲಿನದೆಂದು ಸುಮ್ಮನಾಗುತ್ತಾರೆ. ಮನೆಯವರಿಗೆ ನಾನು ಹೇಳುವುದಿಷ್ಟು: ಜ್ವರ ಬಿಟ್ಟ ದಿನದಿಂದ ಮೂರು ವಾರ ರೋಗಿಯ ಮೇಲೆ ಕಣ್ಣಿಡಿ, ಕಾಫಿ ಲೋಟ ಹಿಡಿದಾಗ ಕೈ ನಡುಗುತ್ತದೆಯೇ ನೋಡಿ, ಮತ್ತೆ ಜ್ವರ ಬಂದರೆ ಹಳೆಯ ಚೀಟಿಯೊಂದಿಗೆ ಅದೇ ದಿನ ಆಸ್ಪತ್ರೆಗೆ ಬನ್ನಿ.

## ರೋಗ ಪತ್ತೆ

ಎರಡು ಸಲ ರಕ್ತ ತೆಗೆದುಕೊಂಡು ಹೋದರು. ಒಂದೇ ಸಲಕ್ಕೆ ಗೊತ್ತಾಗುವುದಿಲ್ಲವೇ?

ಜ್ವರದ ಯಾವ ದಿನ ರಕ್ತ ತೆಗೆದರು ಎಂಬುದರ ಮೇಲೆ ಯಾವ ಪರೀಕ್ಷೆ ಎಂಬುದು ನಿಂತಿದೆ. ಮೊದಲ ಕೆಲವು ದಿನ ವೈರಸ್ ರಕ್ತದಲ್ಲೇ ಇರುತ್ತದೆ. ಆಗ ಆರ್‌ಟಿ-ಪಿಸಿಆರ್ ಪರೀಕ್ಷೆ ಅದನ್ನು ನೇರವಾಗಿ ಹಿಡಿಯುತ್ತದೆ. ದಿನ ಕಳೆದಂತೆ ದೇಹ ವೈರಸ್ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ, ವೈರಸ್ ರಕ್ತದಿಂದ ಮರೆಯಾಗುತ್ತದೆ. ಸುಮಾರು ಐದನೆಯ ದಿನದಿಂದ ಐಜಿಎಂ ಎಲಿಸಾ ಎಂಬ ಪರೀಕ್ಷೆ ಆ ಪ್ರತಿಕಾಯಗಳನ್ನು ತೋರಿಸುತ್ತದೆ. ಎರಡನೆಯ ದಿನ ಎಲಿಸಾ ಮಾಡಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಮೂರನೆಯ ವಾರ ಪಿಸಿಆರ್ ಮಾತ್ರ ಮಾಡಿದರೂ ಹಾಗೆಯೇ ಆಗಬಹುದು. ಆದ್ದರಿಂದ ಮೊದಲ ವರದಿ ನೆಗೆಟಿವ್ ಬಂದು ಅನುಮಾನ ಉಳಿದಿದ್ದರೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ರಕ್ತ ತೆಗೆಯುವುದು ಸರಿಯಾದ ಕ್ರಮ. ದಯವಿಟ್ಟು ಅದಕ್ಕೆ ಸಹಕರಿಸಿ.

ರೋಗಿಯ ರಕ್ತದ ಹಾದಿಯನ್ನು ಒಮ್ಮೆ ಕಣ್ಣಾರೆ ಕಂಡರೆ ಪ್ರಶ್ನೆ ಅರ್ಧ ಕಡಿಮೆಯಾಗುತ್ತದೆ. ಆರೋಗ್ಯ ಕೇಂದ್ರದಲ್ಲಿ ತೆಗೆದ ರಕ್ತದಿಂದ ತಿಳಿಯನ್ನು ಬೇರ್ಪಡಿಸಿ, ಸಣ್ಣ ಸೀಸೆಯ ಮುಚ್ಚಳ ಬಿಗಿದು, ಹೆಸರು, ಊರು, ಜ್ವರ ಶುರುವಾದ ತಾರೀಖು ಬರೆದ ಚೀಟಿ ಅಂಟಿಸುತ್ತಾರೆ. ಲಸಿಕೆ ಒಯ್ಯುವ ನೀಲಿ ಡಬ್ಬಿಯೊಳಗೆ ನಾಲ್ಕೂ ಬದಿಗೆ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇಟ್ಟು ನಡುವೆ ಸೀಸೆಯನ್ನು ನಿಲ್ಲಿಸಿ, ಅದು ಬಿಸಿಯಾಗುವ ಮೊದಲೇ ಶಿವಮೊಗ್ಗದ ವೈರಸ್ ಪರೀಕ್ಷಾ ಪ್ರಯೋಗಾಲಯ ಮುಟ್ಟುವಂತೆ ಕಳುಹಿಸುತ್ತಾರೆ. ಆ ಚೀಟಿಯ ಮೇಲೆ ತಾರೀಖು ತಪ್ಪಾಗಿದ್ದರೆ ಪ್ರಯೋಗಾಲಯದವರು ಎಷ್ಟು ಜಾಗರೂಕತೆಯಿಂದ ಕೆಲಸ ಮಾಡಿದರೂ ವರದಿಯನ್ನು ಸರಿಯಾಗಿ ಅರ್ಥಮಾಡಿಕೊಳ್ಳಲಾಗುವುದಿಲ್ಲ. "ನಾಲ್ಕೈದು ದಿನ ಆಗಿರಬಹುದು" ಎಂಬ ಉತ್ತರ ಸಾಲದು. ಸಂತೆಯ ದಿನವೋ, ಊರ ದೇವಸ್ಥಾನದ ಕಾರ್ಯಕ್ರಮದ ಮರುದಿನವೋ ಎಂದು ನೆನಪು ಮಾಡಿಕೊಂಡು ನಿಖರವಾದ ದಿನ ಹೇಳಿ.

ಡೆಂಗಿ ಪರೀಕ್ಷೆ ನೆಗೆಟಿವ್ ಬಂತು, ಆದರೆ ಪ್ಲೇಟ್‌ಲೆಟ್ ಕಡಿಮೆ ಇದೆ. ಹಾಗಾದರೆ ಇದು ಮಂಗನ ಕಾಯಿಲೆಯೇ?

ಅಷ್ಟರಿಂದಲೇ ಹೇಳಲಾಗದು. ಮಂಗನ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳೂ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳೂ ಕಡಿಮೆಯಾಗುವುದು ನಿಜ, ಯಕೃತ್ತಿನ ಪರೀಕ್ಷೆಯ ಅಂಕಿಗಳೂ ಏರುತ್ತವೆ. ಆದರೆ ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾಗಳಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಇವುಗಳಲ್ಲಿ ಹಲವು ನಮ್ಮ ಕಡೆಯೂ ಇವೆ. ಇಲಿ ಜ್ವರ ಮತ್ತು ಸ್ಕ್ರಬ್ ಟೈಫಸ್ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆಗಳು, ಡಾಕ್ಸಿಸೈಕ್ಲಿನ್‌ನಂತಹ ಸಾಮಾನ್ಯ ಔಷಧಕ್ಕೆ ಬಗ್ಗುತ್ತವೆ. ಮಂಗನ ಕಾಯಿಲೆಯೆಂದೇ ಹಟ ಹಿಡಿದು ಅವುಗಳನ್ನು ಮರೆತರೆ ಉಳಿಸಬಹುದಾದ ಜೀವ ಹೋಗುತ್ತದೆ. ಆದ್ದರಿಂದಲೇ ವೈದ್ಯರು ವರದಿಗೆ ಕಾಯುವಾಗ ಆಂಟಿಬಯಾಟಿಕ್ ಶುರುಮಾಡುವುದುಂಟು. ಅದು ಮಂಗನ ಕಾಯಿಲೆಯ ಔಷಧವೆಂದು ತಿಳಿಯಬೇಡಿ, ಇತರ ಸಾಧ್ಯತೆಗಳಿಗೆ ಹಾಕಿದ ತಡೆ ಅದು.

## ಚಿಕಿತ್ಸೆ ಮತ್ತು ಚೇತರಿಕೆ

ಇದಕ್ಕೆ ಔಷಧಿಯೇ ಇಲ್ಲವಂತೆ. ಹಾಗಿದ್ದರೆ ಆಸ್ಪತ್ರೆಗೆ ಏಕೆ ಸೇರಬೇಕು?

ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲವೆಂಬುದು ನಿಜ. ಆದರೆ ಚಿಕಿತ್ಸೆಯೇ ಇಲ್ಲವೆಂಬುದು ಸುಳ್ಳು. ಈ ಎರಡು ಮಾತುಗಳನ್ನು ಬೆರೆಸಿಕೊಂಡು ಮನೆಯಲ್ಲೇ ಉಳಿದವರು ತೊಂದರೆಗೆ ಸಿಕ್ಕಿದ್ದಾರೆ. ಈ ಕಾಯಿಲೆ ಬಂದ ನೂರು ಮಂದಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಸಾವಿಗೆ ಕಾರಣವಾಗುವುದು ನೀರಿನಂಶ ಬತ್ತಿ ರಕ್ತದೊತ್ತಡ ಕುಸಿಯುವುದು, ರಕ್ತಸ್ರಾವ, ಮಿದುಳಿನ ತೊಂದರೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಸಕಾಲದಲ್ಲಿ ಮಾಡುವ ಆರೈಕೆ ಇದೆ. ಡ್ರಿಪ್ ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ರಕ್ತದೊತ್ತಡ ಮತ್ತು ಮೂತ್ರದ ಪ್ರಮಾಣ ನೋಡಿ ನಿರ್ಧರಿಸುತ್ತಾರೆ. ರಕ್ತಸ್ರಾವವಾದರೆ ರಕ್ತ ಕೊಡುತ್ತಾರೆ, ಫಿಟ್ಸ್ ಬಂದರೆ ಅದನ್ನು ತಡೆಯುವ ಔಷಧ ಕೊಡುತ್ತಾರೆ. ರೋಗದ ಆರಂಭದಲ್ಲೇ ಬಂದವರನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ನೋಡಿಕೊಳ್ಳಬಹುದು. ಪರಿಸ್ಥಿತಿ ಬಿಗಡಾಯಿಸಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ತೀವ್ರ ನಿಗಾ ಘಟಕವಿರುವ ಬೇರೆ ಆಸ್ಪತ್ರೆಗೋ ಕಳುಹಿಸುತ್ತಾರೆ. ಘಟ್ಟದ ತಿರುವುಗಳಲ್ಲಿ ಆಂಬುಲೆನ್ಸ್‌ಗೆ ಗಂಟೆಗಟ್ಟಲೆ ಹಿಡಿಯುವ ನಮ್ಮ ಕಡೆ, ಕಳುಹಿಸುವ ನಿರ್ಧಾರ ಒಂದು ದಿನ ಮೊದಲೇ ಆಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೈಕೈ ನೋವು ತಡೆಯಲಾಗುತ್ತಿಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಹುದೇ?

ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆ ಅಥವಾ ಚುಚ್ಚುಮದ್ದು ಬೇಡವೇ ಬೇಡ. ಪ್ಲೇಟ್‌ಲೆಟ್ ಮೊದಲೇ ಕಡಿಮೆಯಾಗಿರುವಾಗ ಇವು ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯವನ್ನು ಹೆಚ್ಚಿಸುತ್ತವೆ.

ಕೆಲವು ವರ್ಷಗಳ ಹಿಂದೆ ತೋಟದ ಕೆಲಸದ ಒಬ್ಬ ಯುವಕನನ್ನು ಜ್ವರದ ಆರನೆಯ ದಿನ ಕರೆತಂದರು. ಅಂಗಿಯ ಜೇಬಿನಲ್ಲಿ ಅರ್ಧ ಮುಗಿದ ಮಾತ್ರೆಯ ಪಟ್ಟಿ ಇತ್ತು, ನಾಲ್ಕು ದಿನಗಳಿಂದ ದಿನಕ್ಕೆ ಮೂರರಂತೆ ನೋವಿನ ಮಾತ್ರೆ ನುಂಗಿದ್ದ. ಹಿಂದಿನ ರಾತ್ರಿಯಿಂದ ಮಲ ಕಪ್ಪಾಗಿತ್ತು, ಆದರೆ ಯಾರಿಗೂ ಹೇಳಿರಲಿಲ್ಲ. ಅವನು ಬದುಕಿದ, ಆದರೆ ಮೂರು ಬಾಟಲಿ ರಕ್ತ ಬೇಕಾಯಿತು, ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾಗಲಿಲ್ಲ. ಅಂದಿನಿಂದ ಜ್ವರವೆಂದು ಬಂದವರ ಜೇಬಿನಲ್ಲಿ ಏನಿದೆ ಎಂದು ತಪ್ಪದೆ ಕೇಳುತ್ತೇನೆ.

ಪ್ಲೇಟ್‌ಲೆಟ್ ಇಳಿದ ಕೂಡಲೇ ಹಾಕಿಸಬೇಕೇ? ಪಪ್ಪಾಯಿ ಎಲೆಯ ರಸ ಕೊಡಬಹುದೇ?

ಸಂಖ್ಯೆ ಇಳಿದ ಮಾತ್ರಕ್ಕೆ ಹಾಕಿಸುವ ಅಗತ್ಯವಿಲ್ಲ. ರಕ್ತಸ್ರಾವ ಇದೆಯೇ, ಇಳಿಕೆ ಎಷ್ಟು ತೀವ್ರ ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ವಾಂತಿಯಿಂದ ಬಳಲುವವರಿಗೆ ಕಹಿ ರಸ ಕುಡಿಸಿ ಮತ್ತಷ್ಟು ವಾಂತಿ ಮಾಡಿಸುವುದರಲ್ಲಿ ಪ್ರಯೋಜನವಿಲ್ಲ. ಓಆರ್‌ಎಸ್, ಎಳನೀರು, ಉಪ್ಪು ಹಾಕಿದ ತೆಳು ಗಂಜಿ ಒಳ್ಳೆಯದು.

ಗುಣವಾದ ಮೇಲೆ ಎಂದಿನಿಂದ ಕೆಲಸಕ್ಕೆ ಹೋಗಬಹುದು? ಒಮ್ಮೆ ಬಂದವರಿಗೆ ಮತ್ತೆ ಬರುತ್ತದೆಯೇ?

ಜ್ವರ ಬಿಟ್ಟ ಮೇಲೂ ನಿಶ್ಶಕ್ತಿ ಮತ್ತು ಸ್ನಾಯು ನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತವೆ. ಇದು ಸೋಮಾರಿತನವಲ್ಲವೆಂದು ಮನೆಯವರೂ ಕೆಲಸ ಕೊಡುವವರೂ ತಿಳಿಯಬೇಕು. ಎರಡನೆಯ ಹಂತದ ಅವಧಿ ದಾಟುವವರೆಗೆ ಮರ ಹತ್ತುವ, ವಾಹನ ಓಡಿಸುವ ಕೆಲಸ ಬೇಡ. ಒಮ್ಮೆ ರೋಗ ಬಂದು ಗುಣವಾದವರಲ್ಲಿ ದೀರ್ಘಕಾಲದ ರೋಗನಿರೋಧಕ ಶಕ್ತಿ ಉಳಿಯುತ್ತದೆ. ಆದರೂ ಅವರ ಬಟ್ಟೆಗೆ ಹತ್ತಿ ಮನೆಗೆ ಬಂದ ಉಣುಗು ಮಗುವನ್ನು ಕಚ್ಚಬಹುದಾದ್ದರಿಂದ ಮುಂದೆ ಹೇಳುವ ಎಚ್ಚರಿಕೆಗಳು ಅವರಿಗೂ ಬೇಕು.

## ತಡೆಯುವ ಬಗೆ

ಕಾಡಿಗೆ ಹೋಗಬೇಡಿ ಎನ್ನುತ್ತೀರಿ. ದರಗು ತರದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ತೋಟವಿಲ್ಲ. ಏನು ಮಾಡಲಿ?

ಇದು ನ್ಯಾಯವಾದ ಪ್ರಶ್ನೆ, ಹೋಗಬೇಡಿ ಎಂಬುದು ಇದಕ್ಕೆ ಉತ್ತರವೇ ಅಲ್ಲ. ಮಂಗ ಸತ್ತ ಜಾಗದ ಕಡೆಗೆ ಮಾತ್ರ ಆ ಋತು ಮುಗಿಯುವವರೆಗೆ ಖಂಡಿತ ಹೋಗಬಾರದು. ಉಳಿದ ಕಡೆ ಹೋಗುವವರು ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಕೆಲಸಕ್ಕೆ ಹೋಗುವ ರೂಢಿ ನಮ್ಮ ಹೆಂಗಸರಿಗೆ ಮೊದಲೇ ಇದೆ. ಜೊತೆಗೆ ಒಳಗೊಂದು ಪ್ಯಾಂಟು ಹಾಕಿಕೊಂಡರೆ ಕಾಲಿಗೂ ರಕ್ಷಣೆ ಸಿಗುತ್ತದೆ. ಉಣುಗು ಹತ್ತದಂತೆ ತಡೆಯಲು ಆಶಾ ಕಾರ್ಯಕರ್ತೆಯರು ಹಂಚುವ ಡೆಪಾ ತೈಲವನ್ನು ಹೊರಡುವ ಮೊದಲು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಕಣ್ಣು, ಬಾಯಿ, ಗಾಯಕ್ಕೆ ತಾಗಿಸಬೇಡಿ. ಆ ಬಾಟಲಿ ದೇವರ ಕೋಣೆಯ ಗೂಡಿನಲ್ಲಿ ಮುಚ್ಚಳ ತೆರೆಯದೆ ಕುಳಿತಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ದರಗಿನ ರಾಶಿಯ ಮೇಲೆ ಕೂರುವುದು, ಮಲಗುವುದು, ಮಕ್ಕಳು ಹಾರಿ ಆಡುವುದು ಬೇಡ. ರಾಶಿಯನ್ನು ಅಂಗಳದಿಂದ ದೂರವಿಡಿ. ಮರಳಿದ ಮೇಲೆ ಬಟ್ಟೆಯನ್ನು ಹೊರಗೇ ಕಳಚಿ ಬಿಸಿನೀರಿಗೆ ಹಾಕಿ, ಬಚ್ಚಲಿನಲ್ಲಿ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ನಂತರ ಬೆಳಕಿನಲ್ಲಿ ಒಬ್ಬರ ಮೈಯನ್ನು ಇನ್ನೊಬ್ಬರು ನೋಡಬೇಕು: ಕಿವಿಯ ಹಿಂದೆ, ಕಂಕುಳು, ಸೊಂಟದ ದಾರದ ಅಡಿ, ತೊಡೆಸಂದು, ಮೊಣಕಾಲಿನ ಹಿಂಭಾಗ. ಹುಡುಕಬೇಕಾದದ್ದು ದನದ ಕಿವಿಯಲ್ಲಿ ಕಾಣುವ ಉಬ್ಬಿದ ದೊಡ್ಡ ಉಣುಗನ್ನಲ್ಲ. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಕಂದು ಚುಕ್ಕೆಯನ್ನು. ಮಚ್ಚೆಯೆಂದುಕೊಂಡದ್ದು ಬೆರಳು ತಾಗಿದಾಗ ಕಾಲಾಡಿಸುತ್ತದೆ.

ಉಣುಗು ಚರ್ಮಕ್ಕೆ ಕಚ್ಚಿ ಹಿಡಿದಿದೆ. ಸೀಮೆಎಣ್ಣೆ ಹಾಕಲೇ, ಬೀಡಿಯಿಂದ ಸುಡಲೇ?

ಎರಡೂ ಬೇಡ, ಉಗುರಿನಿಂದ ಹಿಸುಕುವುದೂ ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಬೇಕು. ಆಮೇಲೆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಬೇಕು.

ಮನೆಯ ಹಿಂದಿನ ಹಿತ್ತಲಿನಲ್ಲಿ ಮಂಗ ಸತ್ತು ಬಿದ್ದಿದೆ. ಹೂತುಬಿಡಬಹುದೇ?

ನೀವು ಮುಟ್ಟಬೇಡಿ, ಮಕ್ಕಳನ್ನೂ ನಾಯಿಯನ್ನೂ ಹತ್ತಿರ ಬಿಡಬೇಡಿ. 2012ರ ಕೊನೆಯಲ್ಲಿ ಬಂಡೀಪುರದ ಕಡೆ ಸತ್ತ ಮಂಗಗಳ ವಿಲೇವಾರಿಯಲ್ಲಿ ತೊಡಗಿದ್ದ ಅರಣ್ಯ ಸಿಬ್ಬಂದಿಗೇ ಈ ರೋಗ ತಗಲಿತ್ತು. ಗ್ರಾಮ ಪಂಚಾಯಿತಿ, ಆರೋಗ್ಯ ಕೇಂದ್ರ ಅಥವಾ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ರಕ್ಷಣಾ ಉಡುಪು ತೊಟ್ಟವರು ಬಂದು ಪರೀಕ್ಷೆಗೆ ಮಾದರಿ ತೆಗೆದು, ದೇಹವನ್ನು ಸುಟ್ಟು, ಸುತ್ತಲಿನ ನೆಲಕ್ಕೆ ಉಣುಗು ಕೊಲ್ಲುವ ಪುಡಿ ಹಾಕುತ್ತಾರೆ. ಊರಿಗೆ ಕೆಟ್ಟ ಹೆಸರು ಬರುತ್ತದೆ, ಕೊಯ್ಲಿಗೆ ಆಳು ಬರುವುದಿಲ್ಲ ಎಂದು ಮಂಗನ ಸಾವನ್ನು ಮುಚ್ಚಿಡುವುದುಂಟು. ಮನುಷ್ಯರಿಗೆ ಜ್ವರ ಬರುವ ಮೊದಲು ನಮಗೆ ಸಿಗುವ ಮುನ್ಸೂಚನೆಯನ್ನು ಹೀಗೆ ಮಣ್ಣು ಮಾಡಬಾರದು.

ಮೊದಲು ಲಸಿಕೆ ಕೊಡುತ್ತಿದ್ದರು. ಈಗ ಏಕೆ ಇಲ್ಲ?

1990ರಿಂದ ನಮ್ಮ ಭಾಗದಲ್ಲಿ ಕೊಡುತ್ತಿದ್ದ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಿಸುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳೊಳಗೆ ಬೂಸ್ಟರ್, ನಂತರ ವರ್ಷಕ್ಕೊಮ್ಮೆ ಬೂಸ್ಟರ್ ಎಂಬ ಕ್ರಮವಿತ್ತು. ಚುಚ್ಚಿದ ಜಾಗ ಬಹಳ ನೋಯುತ್ತಿದ್ದುದರಿಂದ ಹಲವರು ಎರಡನೆಯ ಡೋಸಿಗೇ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಮಾಹಿತಿಯ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 62ರಷ್ಟು, ಬೂಸ್ಟರ್ ಕೂಡ ಪಡೆದವರಿಗೆ ಶೇ. 83ರಷ್ಟು ರಕ್ಷಣೆ ಸಿಕ್ಕಿತ್ತೆಂದು ಕಂಡುಬಂತು. ಲಸಿಕೆ ಹಾಕಿಸಿಕೊಂಡವರಲ್ಲೂ ರೋಗ ಕಾಣಿಸಿ, ಅದರ ಗುಣಮಟ್ಟದ ಬಗ್ಗೆ ಪ್ರಶ್ನೆಗಳು ಎದ್ದವು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ. ಹಳೆಯ ಲಸಿಕೆ ಎಂದೋ ಹಾಕಿಸಿಕೊಂಡಿದ್ದೇನೆ ಎಂಬ ಧೈರ್ಯದಲ್ಲಿ ಯಾರೂ ಎಚ್ಚರ ತಪ್ಪಬಾರದು.

## ಇನ್ನೂ ಆಳಕ್ಕೆ ಹೋಗುವವರಿಗೆ

ಮಳೆಗಾಲದಲ್ಲಿ ಇಲ್ಲದ ಕಾಯಿಲೆ ಬೇಸಿಗೆಯಲ್ಲೇ ಏಕೆ?

ಉಣುಗಿನ ಬದುಕು ಮಳೆಯ ಲೆಕ್ಕದಲ್ಲಿ ನಡೆಯುತ್ತದೆ. ಬಲಿತ ಉಣುಗುಗಳು ಮಳೆಗಾಲದಲ್ಲಿ ದನಗಳಂತಹ ದೊಡ್ಡ ಪ್ರಾಣಿಗಳ ರಕ್ತ ಹೀರಿ ನೆಲದಲ್ಲಿ ಮೊಟ್ಟೆಯಿಡುತ್ತವೆ. ಮಳೆ ಹಿಂದಾದ ಮೇಲೆ ಮರಿಗಳು ಹೊರಬಂದು ಇಲಿ, ಕಾಡುಕೋಳಿಗಳಂತಹ ನೆಲದ ಪ್ರಾಣಿಪಕ್ಷಿಗಳನ್ನೂ ಮಂಗಗಳನ್ನೂ ಹತ್ತುತ್ತವೆ. ಅವು ಪೊರೆ ಬಿಟ್ಟು ಎಳೆಯ ಉಣುಗಾಗುವ ಕಾಲವೇ ನವೆಂಬರಿನಿಂದ ಮೇ, ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದೂ ಈ ಹಂತದಲ್ಲೇ. ಮರಿಯಾಗಿದ್ದಾಗ ಹೀರಿದ ರಕ್ತದಿಂದ ಬಂದ ವೈರಸ್ ಪೊರೆ ಬಿಟ್ಟ ಮೇಲೂ ಅದರೊಳಗೆ ಉಳಿದಿರುತ್ತದೆ. ನಾವು ಅಡಿಕೆಗೊನೆ ಕೊಯ್ಲು, ದರಗು, ಸೌದೆಗೆಂದು ಕಾಡಿಗೆ ಇಳಿಯುವ ತಿಂಗಳುಗಳೂ ಅವೇ.

ಮಂಗಗಳನ್ನೇ ಇಲ್ಲವಾಗಿಸಿದರೆ ಕಾಯಿಲೆ ಹೋಗುವುದಿಲ್ಲವೇ?

ಹೋಗುವುದಿಲ್ಲ. ಬೆಳೆ ಹಾಳುಮಾಡುವ ಮಂಗಗಳ ಮೇಲೆ ರೈತರಿಗಿರುವ ಸಿಟ್ಟು ಅರ್ಥವಾಗುತ್ತದೆ. ಆದರೆ ಮಂಗಗಳಿಲ್ಲದಿದ್ದರೂ ವೈರಸ್ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಉಳಿದೇ ಇರುತ್ತದೆ, ಅದು ಹತ್ತಿರ ಬಂದಿದೆಯೆಂದು ನಮಗೆ ತಿಳಿಸುವ ಗುರುತು ಮಾತ್ರ ಅಳಿಸಿಹೋಗುತ್ತದೆ.

ಸೊರಬದ ಕಾಯಿಲೆ ಕೇರಳ, ಗೋವಾಕ್ಕೆ ಹೇಗೆ ಹೋಯಿತು? ಕಾಡು ಕಡಿದದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?

ದಶಕಗಳ ಕಾಲ ಇದು ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳಿಗೆ ಸೀಮಿತವೆಂದೇ ತಿಳಿದಿದ್ದೆವು. 2012ರ ಕೊನೆಯಿಂದ ಬಂಡೀಪುರ, ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿತು. ಇದರಲ್ಲಿ ಹೊಸದಾಗಿ ಹರಡಿದ್ದೂ ಇದ್ದೀತು, ಮೊದಲೇ ಇದ್ದದ್ದನ್ನು ಉತ್ತಮ ಪರೀಕ್ಷೆಗಳಿಂದ ಈಗ ಗುರುತಿಸಿದ್ದೂ ಇದ್ದೀತು. ಕಾಡು ಕಡಿತದೊಂದಿಗಿನ ನಂಟನ್ನು ಸಂಶೋಧಕರು ಬಹಳ ಹಿಂದೆಯೇ ಗಮನಿಸಿದ್ದಾರೆ. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಲ್ಲೇ ಸಾವಿರಕ್ಕೂ ಹೆಚ್ಚು ಜನರಿಗೆ ಈ ಜ್ವರ ಬಂತು.

ದಟ್ಟ ಕಾನಿನ ನಡುವಿಗಿಂತ ಕಾಡು, ತೋಟ, ಗದ್ದೆ, ಮನೆ ಒಂದಕ್ಕೊಂದು ತಾಗಿಕೊಂಡಿರುವ ಅಂಚಿನಲ್ಲಿ ದನ, ಮಂಗ, ಇಲಿ, ಮನುಷ್ಯರು ಒಂದೇ ದಾರಿ ತುಳಿಯುತ್ತಾರೆ. 2018-19ರಲ್ಲಿ ಹಲವರನ್ನು ಕಳೆದುಕೊಂಡ ಸಾಗರ ತಾಲ್ಲೂಕಿನ ಅರಳಗೋಡು ಅಂತಹ ಊರು. ಮಲೆನಾಡಿನ ಹೆಚ್ಚಿನ ಊರುಗಳೂ ಹಾಗೆಯೇ ಇವೆ. ಆದ್ದರಿಂದ ನಿಮ್ಮ ಪಂಚಾಯಿತಿಯಲ್ಲಿ ಈವರೆಗೆ ಒಂದೂ ಪ್ರಕರಣ ಇಲ್ಲದಿದ್ದರೂ, ನವೆಂಬರ್ ಬರುವ ಮೊದಲೇ ಗ್ರಾಮಸಭೆಯಲ್ಲಿ ಮೂರು ವಿಷಯ ಕೇಳಿ: ಡೆಪಾ ತೈಲ ಎಂದು ಬರುತ್ತದೆ, ಮಂಗ ಸತ್ತರೆ ಯಾರಿಗೆ ಫೋನ್ ಮಾಡಬೇಕು, ಜ್ವರ ಬಂದವರ ರಕ್ತವನ್ನು ಅದೇ ದಿನ ಶಿವಮೊಗ್ಗಕ್ಕೆ ಕಳುಹಿಸಲು ವಾಹನ ಇದೆಯೇ.